ಡಬ್ಬಿಯಲ್ಲಿ ಬಂದ ಜೇಡ: ಗುರುತಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ನಡೆಯುವಾಗ ಮತ್ತು ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದ ಮೇಲೆ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಗಳಿಂದ ನಮ್ಮ ಪ್ರಾಣಿಶಾಸ್ತ್ರ ವಿಭಾಗಕ್ಕೆ ಉಪ್ಪಿನಕಾಯಿ ಜಾಡಿಗಳಲ್ಲಿ, ಮಾತ್ರೆ ಡಬ್ಬಿಗಳಲ್ಲಿ ಜೇಡಗಳು ಬರುತ್ತವೆ. ತಂದವರು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಇದು ವಿಷದ್ದೇ, ಇದನ್ನು ಸಾಕಬಹುದೇ. ಇವೆರಡಕ್ಕೂ ಉತ್ತರ ಹೇಳುವ ಮೊದಲು ನಾನು ಕೇಳುವುದು ಇನ್ನೊಂದನ್ನು: ಇದು ಬಲೆಯ ನಡುವೆ ಕೂತಿತ್ತೇ, ಬಿಲದಲ್ಲಿತ್ತೇ, ಮರದ ಪೊಟರೆಯಲ್ಲಿತ್ತೇ, ಅಥವಾ ಗೋಡೆ ನೆಲದ ಮೇಲೆ ಓಡಾಡುತ್ತಿತ್ತೇ? ಜೇಡದ ಕುಟುಂಬ, ಅದಕ್ಕೆ ಬೇಕಾದ ಪೆಟ್ಟಿಗೆ, ನೀರು, ಆಹಾರ, ಅದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿರುತ್ತದೆ. ಸಿಕ್ಕ ಜಾಗವನ್ನು ನೆನಪಿಟ್ಟುಕೊಳ್ಳದೆ ತಂದ ಜೇಡದ ಅರ್ಧ ಗುರುತು ದಾರಿಯಲ್ಲೇ ಕಳೆದುಹೋಗಿರುತ್ತದೆ.

ಬಂದದ್ದು ಜೇಡವೇ ಹೌದೇ ಎಂಬುದನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳ ತೇವದ ಗೋಡೆಯ ಮೇಲೆ ಗುಂಪಾಗಿ ಕೂತು, ಮುಟ್ಟಿದರೆ ಒಟ್ಟಿಗೆ ನಡುಗುವ ನೀಳಗಾಲಿನ ಜೀವಿಗಳಿಗೂ ಎಂಟು ಕಾಲುಗಳಿವೆ. ಆದರೆ ಅವುಗಳ ಮೈಯಲ್ಲಿ ಸೊಂಟವಿಲ್ಲ, ಮುಂಭಾಗವೂ ಹೊಟ್ಟೆಯೂ ಒಂದೇ ಉಂಡೆಯಾಗಿ ಸೇರಿಕೊಂಡಿರುತ್ತವೆ. ಅವು ನೂಲು ತೆಗೆಯುವುದಿಲ್ಲ, ಅವುಗಳಿಗೆ ವಿಷವೂ ಇಲ್ಲ. ಇದಕ್ಕೆ ವಿರುದ್ಧವಾಗಿ, ಜೇಡವಾಗಿದ್ದೂ ಜೇಡದಂತೆ ಕಾಣದವುಗಳೂ ಇವೆ. ಚಟ್ನಿಗೆಂದು ಚಗಳಿ ಗೂಡು ಕೀಳುವವರು ಗಮನವಿಟ್ಟು ನೋಡಿದರೆ, ಆ ಕೆಂಪಿರುವೆಗಳ ಸಾಲಿನ ಅಂಚಿನಲ್ಲಿ ಅದೇ ಬಣ್ಣದ, ಅದೇ ಆಕಾರದ, ಮುಂದಿನ ಜೋಡಿ ಕಾಲುಗಳನ್ನು ಮೀಸೆಯಂತೆ ಎತ್ತಿಕೊಂಡು ನಡೆಯುವ ಒಂದು ಜೇಡ ಸಿಗಬಹುದು. ಮಿರ್ಮಪ್ಲಾಟ ಪ್ಲಟಲಿಯಾಯ್ಡಿಸ್ ಎಂಬ ಈ ಜೇಡವನ್ನು ಎಲೆಯಿಂದ ಕೆಡವಿದರೆ ಅದು ನೂಲು ಹಿಡಿದು ನೇತಾಡುತ್ತದೆ; ಇರುವೆ ಹಾಗೆ ಮಾಡಲಾರದು.

ಜೇಡವೆಂಬುದು ಖಚಿತವಾದ ಮೇಲೆ ಅದರ ಕಣ್ಣುಗಳನ್ನು ನೋಡಬೇಕು. ಬಣ್ಣ ನೋಡಿ ಜೇಡವನ್ನು ಗುರುತಿಸಲು ಹೊರಡುವುದು ಹೊಸಬರು ಸಾಮಾನ್ಯವಾಗಿ ಹಿಡಿಯುವ ತಪ್ಪು ದಾರಿ, ಏಕೆಂದರೆ ಒಂದೇ ಜಾತಿಯೊಳಗೂ ವಯಸ್ಸು, ಲಿಂಗ, ಪೊರೆ ಕಳಚಿದ ಸಮಯ ಇವುಗಳಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಕಣ್ಣುಗಳ ಜೋಡಣೆ ಮಾತ್ರ ಹಾಗೆ ಬದಲಾಗುವುದಿಲ್ಲ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣುಗಳಿದ್ದು, ಅವು ಎಲ್ಲೆಲ್ಲಿ ಕೂತಿವೆ, ಯಾವುವು ದೊಡ್ಡವು ಎಂಬುದರಿಂದ ಕುಟುಂಬ ತಿಳಿಯುತ್ತದೆ. ಮುಂಭಾಗದ ನಡುವೆ ಎರಡು ದೊಡ್ಡ ಕಣ್ಣುಗಳು ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಅದು ಜಿಗಿಯುವ ಜೇಡ. ಕೆಳಗೆ ನಾಲ್ಕು ಚಿಕ್ಕ ಕಣ್ಣುಗಳ ಸಾಲು, ಅದರ ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು ಇದ್ದರೆ ತೋಳಜೇಡ. ರಾತ್ರಿ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಕಾಫಿ ಒಣಗಿಸುವ ಕಣದ ಅಂಚಿನ ಹುಲ್ಲನ್ನು ನೋಡಿದರೆ ಹಸಿರಾಗಿ ಮಿನುಗುವುದು ಇದರ ಕಣ್ಣು. ಎಂಟರಲ್ಲಿ ಆರು ಕಣ್ಣುಗಳು ಷಟ್ಕೋನದಂತೆ ಕೂತಿದ್ದು ಕಾಲಿನ ತುಂಬ ಉದ್ದನೆಯ ಮುಳ್ಳುಗಳಿದ್ದರೆ, ಅದು ಗಿಡಗಳ ಮೇಲೆ ಬೇಟೆಯಾಡುವ ಆಕ್ಸಿಯೋಪಿಡೇ ಕುಟುಂಬದ್ದು.

ಇಷ್ಟರಿಂದ ಕುಟುಂಬ ತಿಳಿಯುತ್ತದೆ, ಕೆಲವೊಮ್ಮೆ ಕುಲವೂ ತಿಳಿಯಬಹುದು. ಜಗತ್ತಿನಲ್ಲಿ ಹೆಸರಿಸಲಾದ ಜೇಡಗಳ ಸಂಖ್ಯೆ 2022ರಲ್ಲಿಯೇ 50,000 ದಾಟಿದೆ. ಅವುಗಳಲ್ಲಿ ಬಹುಪಾಲು ಜಾತಿಗಳನ್ನು ಬೇರ್ಪಡಿಸಲು ವಯಸ್ಕ ಜೇಡದ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕಾಗುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಬಂದ ಒಂದೇ ಚಿತ್ರ ನೋಡಿ ಜಾತಿಯ ಹೆಸರನ್ನು ಥಟ್ಟನೆ ಹೇಳಿಬಿಡುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡುವುದು ಒಳ್ಳೆಯದು. ಚಿತ್ರ ಕಳಿಸುವುದಾದರೆ ಬೆನ್ನಿನ ಕಡೆಯದು, ಮುಖದ್ದು, ಗಾಜಿನ ಮೂಲಕ ತೆಗೆದ ಹೊಟ್ಟೆಯ ಅಡಿಭಾಗದ್ದು, ಬಲೆಯಿದ್ದರೆ ಬಲೆಯದ್ದು ಬೇಕು, ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯವೂ ಇರಲಿ.

ತೋಟದವರನ್ನು ನಿಜವಾಗಿ ಬೆಚ್ಚಿಬೀಳಿಸುವುದು ಟರಂಟುಲ ಎಂಬ ಮೈತುಂಬ ರೋಮದ ದೊಡ್ಡ ಜೇಡ. ಮರಗಸಿಯಲ್ಲಿ ಪೊಟರೆಯಿದ್ದ ಕೊಂಬೆ ಬಿದ್ದಾಗ, ಬೂದು ಮೈಯ, ಅಂಗೈಯಗಲ ಕಾಲು ಚಾಚುವ ಜೇಡ ಹೊರಬಂದು ಮುಂಗಾಲುಗಳನ್ನೆತ್ತಿ ನಿಂತರೆ, ಮತ್ತು ಆ ಕಾಲುಗಳ ಅಡಿಯಲ್ಲಿ ಹಳದಿ ಪಟ್ಟೆ ಕಂಡರೆ, ಅದು ಪೊಯೆಸಿಲೊಥೀರಿಯ ಕುಲದ್ದು. ಅಮೆರಿಕ ಖಂಡಗಳ ಎಷ್ಟೋ ಟರಂಟುಲಗಳು ಹೊಟ್ಟೆಯ ಮೇಲಿನ ತುರಿಕೆಯ ರೋಮಗಳನ್ನು ಉದುರಿಸಿ ತಮ್ಮನ್ನು ಕಾಪಾಡಿಕೊಳ್ಳುತ್ತವೆ. ನಮ್ಮ ಟರಂಟುಲಗಳಿಗೆ ಆ ಉಪಾಯವಿಲ್ಲದ ಕಾರಣ ಅವು ಓಡುತ್ತವೆ, ಓಡಲು ದಾರಿಯಿಲ್ಲದಿದ್ದರೆ ಕಚ್ಚುತ್ತವೆ. ಪೊಯೆಸಿಲೊಥೀರಿಯ ಕಚ್ಚಿದರೆ ಸಾವು ಬರುವ ಭಯ ಬೇಡ. ಆದರೆ ತೀವ್ರ ನೋವು ಮತ್ತು ಕೆಲವು ದಿನ ಮರುಕಳಿಸುವ ಸ್ನಾಯು ಸೆಳೆತ ಬರಬಹುದಾದ್ದರಿಂದ ವೈದ್ಯರ ಬಳಿ ಹೋಗಲೇಬೇಕು. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಇದಕ್ಕೆ ಕೆಲಸ ಮಾಡುವುದಿಲ್ಲ.

ಈ ಕುಲವನ್ನು ಸಾಕುವ ಪ್ರಶ್ನೆಗೆ ನನ್ನ ಉತ್ತರ ಬೇಡವೆಂದೇ. 2019ರಲ್ಲಿ ಇಡೀ ಪೊಯೆಸಿಲೊಥೀರಿಯ ಕುಲವನ್ನು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ನಮ್ಮ ಕಾನೂನಿನ ವ್ಯಾಪ್ತಿಗೂ ತಂದಿದೆ. ತೋಟ ನಮ್ಮದೆಂಬ ಮಾತು ಇಲ್ಲಿ ನಡೆಯುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯಗಳ ಒಳಗಿನಿಂದಂತೂ ಯಾವ ಜೇಡವನ್ನೂ ತರಕೂಡದು.

ವಿಷದ ಬಗ್ಗೆ ಇನ್ನೊಂದು ಮಾತು ಹೇಳಬೇಕಾಗಿದೆ. ರಾತ್ರಿ ಮಲಗೆದ್ದಾಗ ಕುತ್ತಿಗೆ, ಮುಖದ ಮೇಲೆ ಉರಿಯುವ ಕೆಂಪು ಗೆರೆ ಮತ್ತು ಗುಳ್ಳೆಗಳು ಕಂಡರೆ ಜೇಡ ಹರಿದಾಡಿತು ಎಂದು ಹೇಳುವುದುಂಟು. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ, ಕಪ್ಪು ಕಿತ್ತಳೆ ಬಣ್ಣದ ಪೇಡರಸ್ ಎಂಬ ಸಣ್ಣ ದುಂಬಿಯನ್ನು ನಿದ್ದೆಯಲ್ಲಿ ಉಜ್ಜಿದಾಗ ಅದರ ಮೈದ್ರವದಿಂದ ಏಳುವ ಗುಳ್ಳೆಗಳು ಬಹುತೇಕ ಹೀಗೆಯೇ ಕಾಣುತ್ತವೆ. ಗೋಡೆಯ ಮೇಲಿನ ಚಪ್ಪಟೆ ಮೈಯ ದೊಡ್ಡ ಜೇಡ, ಅಂದರೆ ಹೆಟೆರೊಪೋಡ ವೆನಟೋರಿಯ, ಈ ಆರೋಪಕ್ಕೆ ವೃಥಾ ಗುರಿಯಾಗಿ ಪೊರಕೆ ಏಟು ತಿನ್ನುತ್ತದೆ. ಅದು ಮನೆಯ ಜಿರಳೆಗಳನ್ನು ಹಿಡಿದು ತಿನ್ನುವ ಜೀವಿ.

ಆರೈಕೆಯ ಮಾತಿಗೆ ಬರುವುದಾದರೆ, ಡಬ್ಬಿಯಲ್ಲಿ ಬಂದ ಜೇಡಗಳು ಸಾಯುವುದು ಹಸಿವಿನಿಂದ ಎಂದು ಹಲವರು ತಿಳಿದಿದ್ದಾರೆ. ಆರೋಗ್ಯವಾಗಿರುವ ದೊಡ್ಡ ಜೇಡ ಆಹಾರವಿಲ್ಲದೆ ವಾರಗಟ್ಟಲೆ ಇರಬಲ್ಲದು, ಟರಂಟುಲಗಳು ತಿಂಗಳುಗಟ್ಟಲೆ ಇರುತ್ತವೆ. ಅವುಗಳನ್ನು ಕೊಲ್ಲುವುದು ಒಣಗುವಿಕೆ ಮತ್ತು ಬಿಸಿಲು. ಜೇಡದ ಕಾಲನ್ನು ಮಡಿಸಲು ಸ್ನಾಯುಗಳಿವೆ, ಆದರೆ ಮುಖ್ಯವಾದ ಎರಡು ಕೀಲುಗಳಲ್ಲಿ ಅದನ್ನು ಚಾಚಲು ಸ್ನಾಯುಗಳಿಲ್ಲ. ಸ್ಪ್ರಿಂಕ್ಲರಿಗೆ ಜೋಡಿಸಿದ ರಬ್ಬರ್ ಪೈಪು ನೀರು ಬಂದಾಗ ಬಿಗಿದು ನೆಟ್ಟಗಾಗುವಂತೆ, ಮೈಯೊಳಗಿನ ದ್ರವದ ಒತ್ತಡದಿಂದಲೇ ಅದರ ಕಾಲು ಚಾಚಿಕೊಳ್ಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಒತ್ತಡ ಇಳಿದು, ಎಂಟೂ ಕಾಲುಗಳು ಹೊಟ್ಟೆಯ ಅಡಿಗೆ ಮುದುಡಿಕೊಳ್ಳುತ್ತವೆ. ಸತ್ತ ಜೇಡವೂ ಹೀಗೆಯೇ ಕಾಣುತ್ತದೆ. ಅದಕ್ಕೇ ಮುದುಡಿದ ಜೇಡವನ್ನು ಕೂಡಲೇ ಎಸೆಯದೆ, ಒದ್ದೆ ಟಿಶ್ಯೂ ಕಾಗದದ ಮೇಲೆ, ವಿಷದ ಕೋರೆಗಳ ಬುಡದಲ್ಲಿರುವ ಬಾಯಿ ನೀರಿಗೆ ತಾಗುವಂತೆ ಕೂರಿಸಿ, ನೆರಳಿನಲ್ಲಿ ಕೆಲವು ಗಂಟೆ ಬಿಡಬೇಕು. ಬರೀ ನೀರಿನ ಕೊರತೆಯಾಗಿದ್ದರೆ ಕಾಲುಗಳು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿನಲ್ಲಿಟ್ಟು ತಂದವುಗಳಿಗೆ ಈ ಉಪಚಾರದಿಂದ ಸಾಮಾನ್ಯವಾಗಿ ಏನೂ ಪ್ರಯೋಜನವಾಗುವುದಿಲ್ಲ.

ಹಿಡಿಯುವಾಗ ಗಾಜಿನ ಲೋಟವನ್ನು ಬೋರಲು ಹಾಕಿ, ಅಡಿಗೆ ಗಟ್ಟಿ ಕಾಗದವನ್ನು ತೂರಿಸುವುದೇ ಸಾಕು. ಕಾಲು ಹಿಡಿದೆತ್ತಿದರೆ ಜೇಡ ಆ ಕಾಲನ್ನು ಕಳಚಿಬಿಡುತ್ತದೆ. ಪೆಟ್ಟಿಗೆಯ ಗಾಳಿಯ ತೂತುಗಳು ಮುಚ್ಚಳದಲ್ಲಷ್ಟೇ ಇರದೆ ಎದುರುಬದುರು ಪಕ್ಕಗಳಲ್ಲೂ ಇರಬೇಕು, ಇಲ್ಲದಿದ್ದರೆ ಮಲೆನಾಡಿನ ಮಳೆಗಾಲದ ತೇವಕ್ಕೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಲದ ಜೇಡಕ್ಕೆ ಎತ್ತರಕ್ಕಿಂತ ಆಳವಾದ ಮಣ್ಣು ಮುಖ್ಯ, ಏಕೆಂದರೆ ನೆಲವಾಸಿ ಟರಂಟುಲ ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. ತೋಟದ ಮಣ್ಣಿನಲ್ಲಿ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮತ್ತು ಕೀಟನಾಶಕಗಳ ಉಳಿಕೆ ಇರಬಹುದಾದ್ದರಿಂದ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ವಾಸಿ. ಜಿಗಿಯುವ ಜೇಡಕ್ಕೆ ನಿಂತ ಪೆಟ್ಟಿಗೆ, ಒಂದೆರಡು ಕಡ್ಡಿ, ಗೋಡೆಯ ಮೇಲೆ ದಿನಕ್ಕೊಮ್ಮೆ ಚಿಮುಕಿಸಿದ ನೀರ ಹನಿ ಇದ್ದರಾಯಿತು. ದೊಡ್ಡವುಗಳಿಗೆ ಬಾಟಲಿ ಮುಚ್ಚಳದಲ್ಲಿ ನೀರಿಟ್ಟು ಎರಡು ಹರಳುಕಲ್ಲು ಹಾಕಬೇಕು. ಒಂದು ಪೆಟ್ಟಿಗೆಯಲ್ಲಿ ಎರಡು ಜೇಡ ಎಂದೂ ಬೇಡ.

ಬಲೆ ನೇಯುವವುಗಳ ಕಥೆ ಬೇರೆ. ಮಳೆ ಕಡಿಮೆಯಾಗುವ ಹೊತ್ತಿಗೆ ಕಾಫಿ ಸಾಲುಗಳ ನಡುವೆ ಹೊಂಬಣ್ಣದ ದೊಡ್ಡ ಬಲೆ ಕಟ್ಟುವ ನೆಫಿಲ ಪಿಲಿಪಸ್‌ನ ಹೆಣ್ಣಿನ ಮೈ ಮೂರರಿಂದ ಐದು ಸೆಂಟಿಮೀಟರ್ ಉದ್ದವಿರುತ್ತದೆ, ಅದೇ ಬಲೆಯ ಅಂಚಿನಲ್ಲಿ ಕೂತಿರುವ ಗಂಡು ಅರ್ಧ ಸೆಂಟಿಮೀಟರ್ ಸುಮಾರಿನದು. ಈ ಹೆಣ್ಣು ಡಬ್ಬಿಯೊಳಗೆ ಬಲೆ ನೇಯಲಾರದು, ಬಲೆಯಿಲ್ಲದೆ ಬೇಟೆಯಾಡಲಾರದು. ಚಿತ್ರ ತೆಗೆದುಕೊಂಡು ಅದನ್ನು ಅಲ್ಲೇ ಬಿಡಿ. ಕೊಯ್ಲಿಗೆ ಅಡ್ಡಿಯಾದರೆ ಕಡ್ಡಿಯಿಂದ ಪಕ್ಕದ ಸಾಲಿಗೆ ದಾಟಿಸಿದರೆ ಅದು ಹೊಸ ಬಲೆ ಕಟ್ಟಿಕೊಳ್ಳುತ್ತದೆ.

ಆಹಾರವಾಗಿ ಜೇಡದ ಹೊಟ್ಟೆಗಿಂತ ದೊಡ್ಡದಲ್ಲದ ಜೀವಂತ ಕೀಟ ಸಾಕು: ನೊಣ, ಪತಂಗ, ಚಿಮ್ಮಂಡೆ, ಮಿಡತೆಮರಿ. ಚಿಕ್ಕವುಗಳಿಗೆ ಎರಡು ಮೂರು ದಿನಕ್ಕೊಮ್ಮೆ, ದೊಡ್ಡವುಗಳಿಗೆ ವಾರಕ್ಕೊಮ್ಮೆ ಕೊಡಬಹುದು. ಹಿಟ್ ಹೊಡೆದ ಮನೆಯ ಜಿರಳೆಯನ್ನು ಮಾತ್ರ ಕೊಡಬೇಡಿ. ತಿನ್ನದೆ ಬಿಟ್ಟ ಕೀಟವನ್ನು ಮರುದಿನ ತೆಗೆಯಬೇಕು, ಏಕೆಂದರೆ ಪೊರೆ ಕಳಚುತ್ತಿರುವ ಜೇಡದ ಮೈ ಮೆತ್ತಗಿರುತ್ತದೆ, ಚಿಮ್ಮಂಡೆಯೇ ಆಗ ಅದನ್ನು ಕಡಿಯಬಲ್ಲದು. ಆಹಾರ ನಿರಾಕರಿಸಿ ಮೂಲೆ ಸೇರಿ ನೂಲು ಸುತ್ತಿಕೊಂಡರೆ ಪೊರೆಯ ಕಾಲ ಬಂದಿದೆ ಎಂದರ್ಥ. ಟರಂಟುಲ ಪೊರೆ ಕಳಚಲು ಬೆನ್ನಿನ ಮೇಲೆ ಮಲಗುತ್ತದೆ. ಅಂಗಾತ ಬಿದ್ದ ಟರಂಟುಲವನ್ನು ಸತ್ತಿದೆಯೆಂದು ಕಡ್ಡಿಯಿಂದ ಮಗುಚಿ ನೋಡುವುದರಿಂದ ಆಗುವ ಹಾನಿಯನ್ನು ಸರಿಪಡಿಸಲಾಗದು.

ಹೊಟ್ಟೆಯ ತುದಿಗೆ ಮೊಟ್ಟೆಯ ಉಂಡೆ ಅಂಟಿಸಿಕೊಂಡ ಅಥವಾ ಬೆನ್ನಿನ ತುಂಬ ಮರಿ ಹೊತ್ತ ತೋಳಜೇಡ ಸಿಕ್ಕರೆ ಇಟ್ಟುಕೊಳ್ಳದೆ ಅಂದೇ ಬಿಟ್ಟುಬಿಡಬೇಕು. ಬಾಯಿಯ ಪಕ್ಕದ ಚಿಕ್ಕ ಜೋಡಿ ಕೈಗಳ ತುದಿ ಗುಂಡಗೆ ಉಬ್ಬಿದ್ದರೆ ಅದು ವಯಸ್ಕ ಗಂಡು. ಮನೆಯೊಳಗೆ ದಾರಿ ತಪ್ಪಿ ಬರುವವು ಹೆಚ್ಚಾಗಿ ಹೆಣ್ಣನ್ನು ಹುಡುಕಿ ಹೊರಟ ಇಂಥವೇ. ಎಂಥ ಆರೈಕೆ ಮಾಡಿದರೂ ಅವುಗಳ ಆಯುಷ್ಯ ಹೆಚ್ಚು ಉಳಿದಿರುವುದಿಲ್ಲ, ಆದ್ದರಿಂದ ಕತ್ತಲಾಗುವ ಹೊತ್ತಿಗೆ ಅವನ್ನು ಸಿಕ್ಕ ಜಾಗದಿಂದ ಕೆಲವೇ ಮಾರು ದೂರದ ಪೊದೆಯಲ್ಲಿ ಬಿಟ್ಟುಬರುವುದು ಸರಿ. ಉಳಿದವುಗಳನ್ನೂ ಗುರುತು ಸಿಗುವವರೆಗೆ, ಹೆಚ್ಚೆಂದರೆ ಒಂದು ಪೊರೆ ಕಳಚುವುದನ್ನು ನೋಡುವವರೆಗೆ ಇಟ್ಟುಕೊಂಡು, ಹಿಡಿದ ಮರಕ್ಕೇ ಅಥವಾ ಬಿಲಕ್ಕೇ ಮರಳಿ ಬಿಡಿ. ಮೂಡಿಗೆರೆಯ ತೇವದಲ್ಲಿ ಹಿಡಿದದ್ದನ್ನು ಕಡೂರಿನ ಬಯಲಿನಲ್ಲಿ ಬಿಡುವಂತಿಲ್ಲ.