ಖಳನಿಗೆ ಮನಸೋಲುವ ಓದುಗರು

1748ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಅವರಿಗೆ ಓದುಗರೊಬ್ಬರ ಪತ್ರ ಬಂತು. ಅವರ ‘ಕ್ಲಾರಿಸ್ಸಾ’ ಆಗ ಕಂತುಗಳಲ್ಲಿ ಹೊರಬರುತ್ತಿತ್ತು. ಅದರ ಖಳ ಲವ್‌ಲೇಸ್ ನಾಯಕಿಯನ್ನು ವಂಚಿಸಿ ಮನೆ ಬಿಡಿಸುತ್ತಾನೆ, ಕೂಡಿಹಾಕುತ್ತಾನೆ, ಕೊನೆಗೆ ಮದ್ದು ಕುಡಿಸಿ ಅತ್ಯಾಚಾರ ಮಾಡುತ್ತಾನೆ. ಬೇರೊಂದು ಹೆಸರಿನ ಮರೆಯಲ್ಲಿ ಪತ್ರ ಬರೆದ ಲೇಡಿ ಬ್ರಾಡ್‌ಶೇ ಅವರ ಬೇಡಿಕೆ ಇಷ್ಟೆ: ಅವನನ್ನು ತಿದ್ದಿ, ಕ್ಲಾರಿಸ್ಸಾಳೊಂದಿಗೆ ಮದುವೆ ಮಾಡಿಸಿ. ಅವನನ್ನು ಮೆಚ್ಚದಿರಲು ತನ್ನಿಂದ ಆಗುತ್ತಿಲ್ಲ ಎಂದೂ ಆಕೆ ಒಪ್ಪಿಕೊಂಡರು. ರಿಚರ್ಡ್‌ಸನ್ ಜಗ್ಗಲಿಲ್ಲ. ಮುಂದಿನ ಮುದ್ರಣಗಳಲ್ಲಿ ಲವ್‌ಲೇಸ್‌ನ ಕೇಡು ಯಾರ ಕಣ್ಣಿಗೂ ತಪ್ಪದಂತೆ ಅಡಿಟಿಪ್ಪಣಿಗಳನ್ನೂ ಹೊಸ ಭಾಗಗಳನ್ನೂ ಸೇರಿಸಿದರು.

ಇಂದು ಅಪಹರಣಕಾರ, ಮಾಫಿಯಾ ದೊರೆ, ಬೆನ್ನಟ್ಟಿ ಕಾಡುವವನೇ ಪ್ರೇಮಿಯಾಗಿರುವ ಕಥೆಗಳನ್ನು ಡಾರ್ಕ್ ರೊಮ್ಯಾನ್ಸ್ ಎನ್ನುತ್ತಾರೆ. ಅವುಗಳ ಓದುಗರಲ್ಲಿ ಹೆಚ್ಚಿನವರು ಹೆಂಗಸರು. ‘ಇಂಥವನನ್ನು ಮೆಚ್ಚುವುದೇ?’ ಎಂದು ಅವರನ್ನು ಹಂಗಿಸುವವರಿಗೆ ಕೊರತೆಯಿಲ್ಲ. ಆ ಮಾತಿನಲ್ಲಿ ನನಗೆ ತಿಳಿವಳಿಕೆಗಿಂತ ತಾತ್ಸಾರವೇ ಹೆಚ್ಚಾಗಿ ಕಾಣುತ್ತದೆ. ಓದುವ ಮನಸ್ಸಿನಲ್ಲಿ ನಡೆಯುವುದು ಅಷ್ಟು ಸರಳವಲ್ಲ.

ಪಾತ್ರದ ನಡತೆಯನ್ನು ತೂಗಿ ನೋಡಿ, ಒಳ್ಳೆಯದಾದರೆ ಮೆಚ್ಚುತ್ತೇವೆ ಎಂಬುದು ಮನರಂಜನೆಯ ಮನೋವಿಜ್ಞಾನದಲ್ಲಿ ಬಹುಕಾಲ ನಡೆದುಬಂದ ವಿವರಣೆ. 2004ರಲ್ಲಿ ಸಂಶೋಧಕ ಆರ್ಥರ್ ರೇನಿ ಇದನ್ನು ಹಿಂದುಮುಂದಾಗಿಸಿದರು. ಅನೇಕ ಸಲ ಮೆಚ್ಚುಗೆ ಮೊದಲು ಹುಟ್ಟುತ್ತದೆ, ಆಮೇಲೆ ಮನಸ್ಸು ಅದಕ್ಕೆ ತಕ್ಕ ನೆಪಗಳನ್ನು ಹುಡುಕಿಕೊಳ್ಳುತ್ತದೆ ಎಂಬುದು ಅವರ ವಾದ. ‘ಕ್ಲಾರಿಸ್ಸಾ’ ಪತ್ರಗಳ ರೂಪದ ಕಾದಂಬರಿ. ಚುರುಕು ಮಾತಿನ ಲವ್‌ಲೇಸ್ ತನ್ನ ಒಳಗನ್ನು ತಾನೇ ಬಿಚ್ಚಿಡುತ್ತಾನೆ. ಡಾರ್ಕ್ ರೊಮ್ಯಾನ್ಸ್ ಕೂಡ ಖಳನ ಬಾಯಲ್ಲೇ ಅಧ್ಯಾಯಗಳನ್ನು ಹೇಳಿಸುವುದು ಸಾಮಾನ್ಯ. ಅವನ ಗಾಯ, ಒಂಟಿತನ, ಅವಳಿಗಾಗಿ ಅವನು ಪಡುವ ತಳಮಳ ನಾಯಕಿಗಿಂತ ಮೊದಲೇ ಓದುಗರಿಗೆ ಗೊತ್ತಾಗಿಬಿಡುತ್ತದೆ. ನಿಜ ಜೀವನದಲ್ಲಿ ಬೆದರಿಸುವ ಗಂಡಸಿನ ಮನಸ್ಸು ಯಾರಿಗೂ ಹೀಗೆ ತೆರೆದುಕೊಳ್ಳುವುದಿಲ್ಲ.

ಹಳಗನ್ನಡ ಓದಿದವರಿಗೆ ಈ ಕುಶಲತೆ ಹೊಸದಲ್ಲ. ಜೈನ ರಾಮಾಯಣ ಬರೆದ ಕವಿ ನಾಗಚಂದ್ರನ ರಾವಣ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ತೊಟ್ಟವನು, ಕೊನೆಗೆ ಪಶ್ಚಾತ್ತಾಪದಲ್ಲಿ ಬೇಯುವವನು. ಅವನ ಮನಸ್ಸು ಸೀತೆಯಲ್ಲಿ ನೆಟ್ಟಾಗ, ಕಾಲವಶದಿಂದ ಕಡಲೂ ಒಮ್ಮೆ ಎಲ್ಲೆ ಮೀರುವುದಿಲ್ಲವೇ ಎಂದು ಕವಿಯೇ ಕೇಳುತ್ತಾನೆ. ಓದುಗ ಹುಡುಕಬೇಕಾದ ನೆಪವನ್ನು ಕವಿಯೇ ಕೈಗಿತ್ತಿದ್ದಾನೆ!

ಭಯದ ಪಾಲೂ ಇದೆ. ನಾಲಿಗೆ ಉರಿಸುವ ಮೆಣಸಿನಕಾಯಿ, ಅಳಿಸುವ ಸಿನಿಮಾ ನಮಗೇಕೆ ಹಿತ ಎಂದು ಅಧ್ಯಯನ ಮಾಡಿದ ಪಾಲ್ ರೋಜಿನ್ 2013ರಲ್ಲಿ ಕೊಟ್ಟ ವಿವರಣೆ ಇಲ್ಲಿಗೂ ಒಗ್ಗುತ್ತದೆ: ದೇಹ ಅಪಾಯವೆಂದು ಎಚ್ಚರಗೊಳ್ಳುತ್ತದೆ, ಮನಸ್ಸಿಗೆ ಮಾತ್ರ ಅಪಾಯವಿಲ್ಲವೆಂದು ಗೊತ್ತು, ಆ ಅರಿವೇ ಸುಖ. 2020ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರೆಬೆಕಾ ಕ್ರೌಸ್ ಮತ್ತು ಡೆರೆಕ್ ರಕ್ಕರ್, ಪಾತ್ರಪ್ರಿಯರ ಜಾಲತಾಣವೊಂದರ ಎರಡು ಲಕ್ಷಕ್ಕೂ ಹೆಚ್ಚು ಬಳಕೆದಾರರ ಮಾಹಿತಿಯನ್ನು ಪರಿಶೀಲಿಸಿದರು. ತಮ್ಮ ಗುಣಗಳನ್ನು ಹೋಲುವ ಖಳರ ಕಡೆಗೆ ಜನ ಹೆಚ್ಚು ವಾಲುತ್ತಿದ್ದರು. ವಾಸ್ತವದಲ್ಲಿ ಕೆಟ್ಟವರಿಗೂ ನಮಗೂ ಹೋಲಿಕೆ ಇದ್ದರೆ ಮುಜುಗರವಾಗುತ್ತದೆ. ಕಥೆಯ ಮರೆಯಲ್ಲಿ ನಮ್ಮದೇ ಸಿಟ್ಟು, ಹಟ, ಅಧಿಕಾರದಾಸೆಗಳನ್ನು ಹತ್ತಿರದಿಂದ ನೋಡಬಹುದು. ಹಾಗಾಗಿ ಖಳನನ್ನು ಮೆಚ್ಚುವವಳು ಅವನ ಕೈಗೆ ಸಿಕ್ಕಿಬೀಳಲು ಬಯಸುತ್ತಾಳೆ ಎಂದುಕೊಳ್ಳುವುದು ತಪ್ಪು. ಅವಳು ಅವನ ಬಲವನ್ನೇ ತೊಟ್ಟು ನೋಡುತ್ತಿರಬಹುದು.

ಇಷ್ಟಾದರೂ ಕಥೆಗಳು ನಮ್ಮನ್ನು ಸೋಕುವುದೇ ಇಲ್ಲ ಎಂದು ನಾನು ಹೇಳಲಾರೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜೂಲಿಯಾ ಲಿಪ್‌ಮನ್ ಹೆಂಗಸರಿಗೆ ಸಿನಿಮಾಗಳನ್ನು ತೋರಿಸಿ ಪ್ರಯೋಗ ಮಾಡಿದರು. ಕೆಲವು ಚಿತ್ರಗಳಲ್ಲಿ ಬೆನ್ನಟ್ಟುವವನು ಪ್ರೇಮಿ, ಕೆಲವುಗಳಲ್ಲಿ ಭಯ ಹುಟ್ಟಿಸುವವನು. ಮೊದಲ ಬಗೆಯನ್ನು ನೋಡಿದವರು ಎರಡನೆಯದನ್ನು ನೋಡಿದವರಿಗಿಂತ ಬೆನ್ನಟ್ಟುವಿಕೆಯನ್ನು ಸಹಜವೆಂದು ಒಪ್ಪುವ ಕಡೆಗೆ ವಾಲಿದರು. ಹಾಗಾಗಿ ನನ್ನ ಪ್ರಶ್ನೆಗಳೆಲ್ಲ ಲೇಖಕರಿಗೆ. ಅವನ ಬೆದರಿಕೆಯನ್ನು ಬೆದರಿಕೆಯೆಂದೇ ಬರೆದಿದ್ದಾರೆಯೇ? ನಾಯಕಿಯ ಭಯಕ್ಕೆ ಪುಟಗಳನ್ನು ಕೊಟ್ಟಿದ್ದಾರೆಯೇ? ಈ ಪ್ರಕಾರದ ಅನೇಕ ಲೇಖಕರು ಒಳಗೆ ಯಾವ ಬಗೆಯ ಹಿಂಸೆ ಇದೆಯೆಂದು ಮೊದಲ ಪುಟದಲ್ಲೇ ಪಟ್ಟಿ ಕೊಡುತ್ತಾರೆ. ಅದನ್ನು ಓದಿಯೂ ಮುಂದಕ್ಕೆ ಹೋಗುವ ಓದುಗಾರ್ತಿ ಆ ಭಯವನ್ನು ತಾನೇ ಆರಿಸಿಕೊಂಡಿರುತ್ತಾಳೆ, ಬೇಡವೆನಿಸಿದ ಕ್ಷಣದಲ್ಲಿ ಪುಸ್ತಕವನ್ನು ಮುಚ್ಚಿಡಲೂ ಬಲ್ಲಳು. ಕ್ಲಾರಿಸ್ಸಾಳಿಗೆ ಆ ಆಯ್ಕೆ ಇರಲಿಲ್ಲ.