ರೇಡಿಯೇಟರಿನ ಗಾಳಿ ಮತ್ತು ಬಾಯ್ಲರಿನ ಒತ್ತಡ

ರೇಡಿಯೇಟರಿನ ಗಾಳಿ ಬಿಡುವುದು, ಬಾಯ್ಲರಿನ ಒತ್ತಡ ಸರಿಪಡಿಸುವುದು: ಇವೆರಡನ್ನೂ ಬೇರೆ ಬೇರೆ ಪಾಠಗಳೆಂದು ಓದಿದರೆ ತಲೆಗೆ ಹತ್ತುವುದಿಲ್ಲ. ಬಾಯ್ಲರಿನಲ್ಲಿ ಕಾದ ನೀರು ಕೊಳವೆಗಳ ಮೂಲಕ ರೇಡಿಯೇಟರುಗಳಿಗೆ ಹೋಗಿ ಕೋಣೆಗಳನ್ನು ಬೆಚ್ಚಗಿಡುವ ಮುಚ್ಚಿದ ತಾಪನ ವ್ಯವಸ್ಥೆಯಲ್ಲಿ ಗಾಳಿ ಹೊರಬಿಟ್ಟರೆ ಒತ್ತಡ ಇಳಿಯುತ್ತದೆ. ಒತ್ತಡ ಏರಿಸಲು ನೀರು ತುಂಬಿದರೆ ಅದರಲ್ಲಿ ಕರಗಿದ ಗಾಳಿಯೂ ಒಳಗೆ ಬರುತ್ತದೆ. ತಣ್ಣೀರಿನಲ್ಲಿ ಕರಗಿದ್ದ ಗಾಳಿ, ನೀರು ಕಾದಾಗ ಗುಳ್ಳೆಯಾಗಿ ಬೇರ್ಪಟ್ಟು ಎತ್ತರದ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದೆ.

ಮೊದಲು ರೇಡಿಯೇಟರನ್ನು ಮುಟ್ಟಿ ನೋಡಬೇಕು. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಗಾಳಿ ತುಂಬಿದೆ. ಮೇಲೆ ಬಿಸಿ, ತಳದ ನಡುಭಾಗ ತಣ್ಣಗಿದ್ದರೆ ಅದು ಕೆಸರು: ಒಳಗಿನ ಉಕ್ಕು ಸವೆದು ಆದ ಮ್ಯಾಗ್ನಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್. ಅದಕ್ಕೆ ಗಾಳಿ ಬಿಡುವುದು ಮದ್ದಲ್ಲ, ತೊಳೆಯಬೇಕು. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಕೇಳುವುದು ಹೆಚ್ಚು.

ಗಾಳಿ ಬಿಡುವ ಮುನ್ನ ಬಾಯ್ಲರ್ ಆರಿಸಿ ನೀರು ಆರಲು ಬಿಡಿ. ಪಂಪ್ ಓಡುತ್ತಿದ್ದರೆ ಗಾಳಿ ಒಂದೆಡೆ ನಿಲ್ಲುವುದಿಲ್ಲ, ಕೆಲವೆಡೆ ಹೊರಗಿನ ಗಾಳಿಯನ್ನೇ ಒಳಗೆಳೆಯಬಹುದು. ನೀರು ಬಿಸಿಯಿದ್ದರೆ ಕೈ ಸುಡುತ್ತದೆ. ಒತ್ತಡ ಮಾಪಕವನ್ನೂ ಈಗಲೇ ನೋಡಿಕೊಳ್ಳಬೇಕು. 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸುಮಾರು 1 ಬಾರ್ ಒತ್ತಡ ಬೇಕು. ಬಾಯ್ಲರಿಗಿಂತ 5 ಮೀಟರ್ ಮೇಲಿರುವ ರೇಡಿಯೇಟರಿಗೆ ನೀರು ಏರಲಷ್ಟೇ 0.5 ಬಾರ್ ಹೋಗುತ್ತದೆ. ಒತ್ತಡ ಅದಕ್ಕಿಂತ ಕಡಿಮೆಯಿದ್ದಾಗ ಆ ರೇಡಿಯೇಟರಿನ ಗಾಳಿ ಬಿಡುವ ಸ್ಕ್ರೂ ತೆರೆದರೆ ಗಾಳಿ ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ. ಹೆಚ್ಚಿನವರು ಬಿಟ್ಟುಬಿಡುವ ಅಂಶ ಇದೇ.

ಕೆಳ ಅಂತಸ್ತಿನಿಂದ ಶುರುಮಾಡಿ ಮೇಲಕ್ಕೆ ಹೋಗುವುದು ರೂಢಿ. ರೇಡಿಯೇಟರಿನ ಮೇಲ್ತುದಿಯ ಬದಿಯಲ್ಲಿರುವ ಚೌಕ ತಲೆಯ ಸ್ಕ್ರೂವಿಗೆ ಕೀಲಿ ಹಾಕಿ, ಕೆಳಗೆ ಬಟ್ಟೆ ಹಿಡಿದು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ. ಅರ್ಧ ಸುತ್ತು ದಾಟಬೇಕಾಗಿಲ್ಲ. ಸ್ಕ್ರೂ ಪೂರ್ತಿ ಕಳಚಿದರೆ ಕಪ್ಪು ನೀರು ಗೋಡೆಗೆ ಚಿಮ್ಮುತ್ತದೆ. ಮೊದಲು ಬುಸ್ಸೆಂಬ ಸದ್ದು, ಆಮೇಲೆ ನೊರೆ ಬೆರೆತ ಉಗುಳು, ಕೊನೆಗೆ ಒಂದೇ ಸಮನೆ ಸಣ್ಣ ಧಾರೆ. ಧಾರೆ ಕಂಡೊಡನೆ ಮುಚ್ಚಿ; ಬಲ ಹಾಕಿ ಬಿಗಿದರೆ ಹಿತ್ತಾಳೆಯ ಅಂಚು ಸವೆಯುತ್ತದೆ.

ಈಗ ಒತ್ತಡ. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಕಡಿಮೆಯಿದ್ದರೆ ನಲ್ಲಿಯ ನೀರನ್ನು ವ್ಯವಸ್ಥೆಗೆ ತುಂಬುವ ಕೊಳವೆಯಾದ ಫಿಲ್ಲಿಂಗ್ ಲೂಪಿನ ವಾಲ್ವುಗಳನ್ನು ನಿಧಾನವಾಗಿ ತೆರೆದು, ಮುಳ್ಳು ಏರಿದೊಡನೆ ಎರಡನ್ನೂ ಮುಚ್ಚಬೇಕು. ಕಾದ ಮೇಲೆ ಒತ್ತಡ ತುಸು ಏರುವುದು ಸಹಜ. 10 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಕಾದ 100 ಲೀಟರ್ ನೀರು ಸುಮಾರು 3 ಲೀಟರ್ ಹಿಗ್ಗುತ್ತದೆ. ಆ ಹೆಚ್ಚುವರಿ ನೀರಿಗೆ ಜಾಗ ಕೊಡುವುದು ಎಕ್ಸ್‌ಪ್ಯಾನ್ಷನ್ ವೆಸೆಲ್. ಅದರೊಳಗಿನ ರಬ್ಬರ್ ಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್.

ಮಾಪಕ ಓದುವುದೇ ಈ ಪಾಠದ ಸ್ವಾರಸ್ಯ. ಕಾದಾಗ 3 ಬಾರ್ ಕಡೆಗೆ ಜಿಗಿದು, ಆರಿದಾಗ ಸೊನ್ನೆಯ ಹತ್ತಿರ ಬಿದ್ದರೆ ವೆಸೆಲ್‌ನ ಗಾಳಿ ಹೋಗಿದೆ ಎಂಬ ಅನುಮಾನ ಗಟ್ಟಿ. 3 ಬಾರ್‌ನಲ್ಲಿ ಸುರಕ್ಷತಾ ವಾಲ್ವ್ ತೆರೆದು ನೀರನ್ನು ಹೊರಹಾಕಿರುತ್ತದೆ. ದಿನದಿನಕ್ಕೆ ತುಸುತುಸುವೇ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ. ತಣ್ಣಗಿದ್ದಾಗಲೂ ತಾನಾಗಿ ಏರುತ್ತಿದ್ದರೆ ಮೊದಲು ನೋಡಬೇಕಾದದ್ದು ಫಿಲ್ಲಿಂಗ್ ಲೂಪಿನ ವಾಲ್ವ್ ಸರಿಯಾಗಿ ಮುಚ್ಚಿದೆಯೇ ಎಂದು. ಗ್ಯಾಸ್ ಬಾಯ್ಲರಿನ ಕವಚ ಬಿಚ್ಚುವುದು ಮಾತ್ರ ಅರ್ಹತೆಯುಳ್ಳ ಮೆಕ್ಯಾನಿಕ್‌ನ ಕೆಲಸ.

ಪದೇ ಪದೇ ನೀರು ತುಂಬುವುದನ್ನು ದುರಸ್ತಿ ಎಂದುಕೊಳ್ಳುವುದು ನನ್ನ ಪ್ರಕಾರ ದೊಡ್ಡ ತಪ್ಪು. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಬಂದು ಉಕ್ಕನ್ನು ಮತ್ತೆ ತಿನ್ನುತ್ತದೆ, ತುಕ್ಕು ತಡೆಯುವ ಇನ್‌ಹಿಬಿಟರ್ ದ್ರಾವಣವೂ ತೆಳುವಾಗುತ್ತದೆ. ನೀರು ಸೇರಿಸದಿದ್ದರೂ ಮತ್ತೆ ಮತ್ತೆ ಅನಿಲ ಕೂಡುತ್ತಿದ್ದರೆ ಅದು ತುಕ್ಕಿನಿಂದ ಹುಟ್ಟಿದ ಹೈಡ್ರೋಜನ್ ಆಗಿರಬಹುದು. ಅದು ಹೊತ್ತಿಕೊಳ್ಳುವ ಅನಿಲವಾದ್ದರಿಂದ ಸ್ಕ್ರೂ ತೆರೆಯುವಾಗ ಹತ್ತಿರ ಬೆಂಕಿ ಇರಬಾರದು. ಅಂಥ ಕಡೆ ಕೀಲಿಯನ್ನು ಬದಿಗಿಟ್ಟು ನೀರಿನ ಮಾದರಿ ತೆಗೆದು ಇನ್‌ಹಿಬಿಟರ್ ಪ್ರಮಾಣ ಪರೀಕ್ಷಿಸಬೇಕು.