ರೇಟು ಚೆನ್ನಾಗಿದೆ, ತೋಟ ಚೆನ್ನಾಗಿದೆಯಾ?

ಕೊಡಗಿನಲ್ಲಿ ಇಬ್ಬರು ಕಾಫಿ ಬೆಳೆಗಾರರು ಎದುರಾದರೆ ಈಗ ಮೊದಲು ಕೇಳುವುದು "ಇವತ್ತು ರೇಟೆಷ್ಟು?" ಅಂತ. ಮಳೆ ಎಷ್ಟು ಇಂಚು ಬಿತ್ತು ಅನ್ನೋದು ಆಮೇಲೆ. ಕೇಳುವುದರಲ್ಲಿ ತಪ್ಪೇನಿಲ್ಲ. 2020ರ ಸುಮಾರಿಗೆ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲಕ್ಕೆ 3,500 ರೂಪಾಯಿ ಆಸುಪಾಸಿನಲ್ಲಿತ್ತು. 2024ರಲ್ಲಿ 10,000 ದಾಟಿತು. ಅಷ್ಟು ದುಡ್ಡು ಕಂಡ ಮೇಲೆ ಬೇರೆ ಮಾತು ಯಾರಿಗೆ ಬೇಕು?

ತೋಟಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ: ನಿಮಗೆ ಒಂದು ಚೀಲ ಕಾಫಿ ಎಷ್ಟಕ್ಕೆ ಬೀಳುತ್ತದೆ? ಇದಕ್ಕೆ ಥಟ್ಟನೆ ಉತ್ತರ ಹೇಳುವವರು ಕಡಿಮೆ. ಎಕರೆಗೆ ಸುಮಾರು ಇಷ್ಟು ಖರ್ಚಾಗುತ್ತದೆ ಅಂತಾರೆ. ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪುಸ್ತಕ) ತೋಟದ ರೈಟರ್ ಹತ್ತಿರ ಇದೆ ಅಂತಾರೆ. ಒಬ್ಬರಂತೂ, "ಸಾರ್, ಬ್ಯಾಂಕಿನವರೇ ಇನ್ನೂ 20 ಲಕ್ಷ ತಗೊಳ್ಳಿ ಅಂತಿದ್ದಾರೆ, ನಿಮಗೇನು ಚಿಂತೆ?" ಅಂತ ನನ್ನನ್ನೇ ಕೇಳಿದರು. ನನ್ನ ಚಿಂತೆ ಅದೇ.

ರೇಟು ನಮ್ಮ ಕೈಯಲ್ಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಎಷ್ಟರ ಮಟ್ಟಿಗೆ ಇಲ್ಲ ಅನ್ನೋದನ್ನು ಒಮ್ಮೆ ನೋಡಿ. ರೋಬಸ್ಟಾ ದರ ನಿಲ್ಲುವುದು ಲಂಡನ್ ಮಾರುಕಟ್ಟೆಯಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ರಫ್ತು ಮಾಡುವವರು ಅದನ್ನು ರೂಪಾಯಿಗೆ ತಿರುಗಿಸಿ, ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವುದು), ಸಾಗಾಟ, ತಮ್ಮ ಲಾಭ ಎಲ್ಲ ಕಳೆದು ಇಲ್ಲಿನ ವ್ಯಾಪಾರಿಗೆ ದರ ಹೇಳುತ್ತಾರೆ. ವಿಯೆಟ್ನಾಂನಲ್ಲಿ ಬರ ಬಂತು, ಅಲ್ಲಿನ ಕೆಲವು ರೈತರು ಕಾಫಿ ಕಿತ್ತು ಡುರಿಯನ್ ಹಣ್ಣು ಹಾಕಿದರು, ಬ್ರೆಜಿಲಿನಲ್ಲೂ ಮಳೆ ಕೈಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ದರ 5,000 ಡಾಲರ್ ದಾಟಿತು. 2025ರ ಮಧ್ಯದ ಹೊತ್ತಿಗೆ ಅದೇ ದರ 3,500ಕ್ಕಿಂತ ಕೆಳಗಿತ್ತು. ಈ ಏರಿಳಿತದಲ್ಲಿ ಕೊಡಗಿನ ಪಾಲಿಬೆಟ್ಟದ ತೋಟ ಮಾಡಿದ್ದು ಏನೂ ಇಲ್ಲ.

ಹಿರಿಯರಿಗೆ ಪೂಲ್ ಕಾಲ ನೆನಪಿರಬಹುದು. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೆ ಹಾಕಬೇಕು, ದುಡ್ಡು ಕಂತು ಕಂತಾಗಿ ಬರುತ್ತದೆ. 1990ರ ದಶಕದಲ್ಲಿ ಅದನ್ನು ಹಂತ ಹಂತವಾಗಿ ಸಡಿಲಿಸಿ 1996ರಲ್ಲಿ ಪೂರ್ತಿ ಬಿಟ್ಟರು. ಅದೇ ಹೊತ್ತಿಗೆ ಸರಿಯಾಗಿ 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟು ದರ ಜಿಗಿದಿತ್ತು. ಜೀಪು ಬಂತು, ಮಾಳಿಗೆ ಎದ್ದಿತು, ಪಕ್ಕದ ಐದು ಎಕರೆಗೆ ಮುಂಗಡ ಹೋಯಿತು. 2001-02ರ ಹೊತ್ತಿಗೆ ದರ ನೆಲ ಕಚ್ಚಿತು. ಸಾಲಕ್ಕೆ ಮಾತ್ರ ಇಳಿಯುವುದು ಗೊತ್ತಿರಲಿಲ್ಲ. ಒಳ್ಳೆ ರೇಟಿನಲ್ಲಿ ಮಾಡಿದ ಸಾಲವನ್ನು ಕೆಟ್ಟ ರೇಟಿನ ಕಾಫಿಯಲ್ಲಿ ತೀರಿಸಬೇಕಾಯಿತು.

ಈಗ ಚೀಲದ ಲೆಕ್ಕಕ್ಕೆ ಬರೋಣ. ಇಬ್ಬರು ಅಕ್ಕಪಕ್ಕದ ಬೆಳೆಗಾರರು ಅಂತ ಇಟ್ಟುಕೊಳ್ಳಿ. ಅಂಕಿಗಳನ್ನು ಲೆಕ್ಕ ಅರ್ಥವಾಗಲಿ ಅಂತ ದುಂಡಗೆ ಹಾಕಿದ್ದೇನೆ, ನಿಮ್ಮ ತೋಟದ್ದನ್ನು ನೀವೇ ಹಾಕಿಕೊಳ್ಳಿ. ಮೊದಲನೆಯವರು ಎಕರೆಗೆ 60,000 ಖರ್ಚು ಮಾಡಿ 15 ಚೀಲ ತೆಗೆಯುತ್ತಾರೆ. ಚೀಲ 4,000ಕ್ಕೆ ಬಿತ್ತು. ಎರಡನೆಯವರು 90,000 ಖರ್ಚು ಮಾಡಿ 30 ಚೀಲ ತೆಗೆಯುತ್ತಾರೆ. ಚೀಲ 3,000ಕ್ಕೆ ಬಿತ್ತು. ರೇಟು 10,000 ಇರುವಾಗ ಮೊದಲನೆಯವರಿಗೆ ಎಕರೆಗೆ 90,000 ಉಳಿಯುತ್ತದೆ, ಎರಡನೆಯವರಿಗೆ 2,10,000. ಇಬ್ಬರೂ ಖುಷಿ. ಇಬ್ಬರ ಮನೆಯ ಮದುವೆಯೂ ಜೋರಾಗಿಯೇ ನಡೆಯುತ್ತದೆ. ಯಾರ ತೋಟ ಬಡಕಲು ಅಂತ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ರೇಟು 3,500ಕ್ಕೆ ಇಳಿಯಲಿ. ಮೊದಲನೆಯವರಿಗೆ ಎಕರೆಗೆ 7,500 ನಷ್ಟ. ಎರಡನೆಯವರಿಗೆ ಆಗಲೂ 15,000 ಉಳಿಯುತ್ತದೆ. ಖರ್ಚು ಜಾಸ್ತಿ ಮಾಡಿದವರೇ ಇಲ್ಲಿ ಗಟ್ಟಿ. "ಈ ವರ್ಷ ಗೊಬ್ಬರಕ್ಕೆ ಸ್ವಲ್ಪ ಕೈ ಬಿಗಿ ಹಿಡಿದೆ" ಅಂತ ಹೆಮ್ಮೆಯಿಂದ ಹೇಳುವವರು ಇದನ್ನು ನೋಡಬೇಕು. ತೋಟದಲ್ಲಿ ಕಳೆ ತೆಗೆಸುವುದು, ಮರಕಸಿ (ನೆರಳು ಮರದ ಕೊಂಬೆ ಕಡಿಯುವುದು), ಬೇಲಿ, ರೈಟರ್ ಸಂಬಳ, ಇವೆಲ್ಲ ಬೆಳೆ ಬಂದರೂ ಬಾರದಿದ್ದರೂ ಆಗುವ ಖರ್ಚು. ಅದನ್ನು 15 ಚೀಲದ ಮೇಲೆ ಹಂಚುವುದಕ್ಕೂ 30 ಚೀಲದ ಮೇಲೆ ಹಂಚುವುದಕ್ಕೂ ವ್ಯತ್ಯಾಸ ಇದೆ. ಕೊಯ್ಲು ಮಾತ್ರ ಚೀಲದ ಜೊತೆ ಏರುತ್ತದೆ. ಒಂದು ಚೀಲ ಒಣ ಚೆರಿಗೆ ಹೆಚ್ಚು ಕಡಿಮೆ 115 ಕೆಜಿ ಹಣ್ಣು ಬೇಕು. ಕೊಯ್ಲಿಗೆ ಕೆಜಿಗೆ 6 ರೂಪಾಯಿ ಅಂದರೂ ಅಲ್ಲಿಗೇ 690 ಆಯಿತು. ಹಣ್ಣು ವಿರಳವಾಗಿರುವ ತೋಟಕ್ಕೆ ಆಳುಗಳು ಬರುವುದೂ ಇಲ್ಲ. ಕೆಜಿ ಲೆಕ್ಕದ ಕೂಲಿಯಲ್ಲಿ ಅವರಿಗೂ ದಿನಕ್ಕೆ ಗಿಟ್ಟಬೇಕಲ್ವಾ? ಹಾಗಾಗಿ ಬೆಳೆ ಕಡಿಮೆ ಇರುವವರು ಕೆಜಿಗೆ ಒಂದು ರೂಪಾಯಿ ಜಾಸ್ತಿಯೇ ಕೊಡಬೇಕಾಗುತ್ತದೆ.

ಇಲ್ಲಿಗೆ ಎರಡನೆಯವರು ಗೆದ್ದರು ಅಂತ ಕಥೆ ಮುಗಿಸಬಹುದಿತ್ತು. ಆದರೆ ಅವರು 30 ಚೀಲ ತೆಗೆದದ್ದು ಹೇಗೆ? ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬರದಿದ್ದರೆ ರೋಬಸ್ಟಾ ಕೈಕೊಡುತ್ತದೆ. ಹೂವಿಗೆ ನೀರು ಸಿಕ್ಕಿದರೂ ಎರಡು-ಮೂರು ವಾರದಲ್ಲಿ ಕಾಯಿ ಕಚ್ಚಲು ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ, ಬೇಕು. ಅದಕ್ಕೇ ಕೆರೆ ತೆಗೆಸಿದರು, ಪಂಪು ತಂದರು, ಸ್ಪ್ರಿಂಕ್ಲರ್ ಪೈಪು ಎಳೆಸಿದರು. ಸಾಲ ಆಯಿತು. ಕಂತು ಎಕರೆಗೆ ವರ್ಷಕ್ಕೆ 20,000 ಅಂತ ಇಟ್ಟುಕೊಳ್ಳಿ. ರೇಟು 3,500 ಇರುವಾಗ ಅವರಿಗೆ ಉಳಿಯುವುದು 15,000. ಕಂತಿಗೆ 5,000 ಕಡಿಮೆ ಬೀಳುತ್ತದೆ. ಹತ್ತು ಎಕರೆಗೆ 50,000. ಚಿನ್ನ ಬ್ಯಾಂಕಿಗೆ ಹೋಗುತ್ತದೆ. ಮರುವರ್ಷ ಗೊಬ್ಬರ ಅರ್ಧ. ಅದರ ಮರುವರ್ಷ ಬೆಳೆ ಅರ್ಧ.

ತೋಟ ಪೈಪೋಟಿಗೆ ನಿಲ್ಲುತ್ತದಾ ಅನ್ನೋದು ಒಂದು ಪ್ರಶ್ನೆ, ತೋಟದ ಹಣಕಾಸು ಆರೋಗ್ಯವಾಗಿದೆಯಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಚೀಲ ಬೀಳುವ ಬೆಲೆ ನೋಡಬೇಕು. ಎರಡನೆಯದಕ್ಕೆ ಕೆಟ್ಟ ವರ್ಷದಲ್ಲಿ ಕೈಗೆ ಬರುವ ದುಡ್ಡಿನ ಎದುರು ಕಂತು ಎಷ್ಟಿದೆ ಅಂತ ನೋಡಬೇಕು. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾದ ತೋಟಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಮಾಷೆ ಅಂದರೆ, ಚೆನ್ನಾಗಿ ಬೆಳೆಯುವವರೇ ಹೀಗೆ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಸೋಮಾರಿಗೆ ಬ್ಯಾಂಕು ಸಾಲವನ್ನೇ ಕೊಟ್ಟಿರುವುದಿಲ್ಲ.

ಬ್ಯಾಂಕು ನೋಡುವುದು ಜಾಗದ ಬೆಲೆಯನ್ನು. ಕಂತು ಕಟ್ಟಬೇಕಾದದ್ದು ಕಾಫಿ. ಹೋಂಸ್ಟೇ, ರೆಸಾರ್ಟ್ ಬಂದ ಮೇಲೆ ಕೊಡಗಿನ ಜಾಗದ ಬೆಲೆಗೂ ಅದರಲ್ಲಿ ಬೆಳೆಯುವ ಬೆಳೆಗೂ ಸಂಬಂಧವೇ ಉಳಿದಿಲ್ಲ. ಹಾಗಾಗಿ "ಇಷ್ಟು ಸಾಲ ಸಿಗುತ್ತದೆ" ಅನ್ನೋದನ್ನು "ಇಷ್ಟು ಸಾಲ ತಡೆಯುತ್ತದೆ" ಅಂತ ತಿಳಿಯಬೇಡಿ. ನಾನು ಹೇಳುವ ಅಳತೆ ಒರಟು, ಆದರೆ ಕೆಲಸಕ್ಕೆ ಬರುತ್ತದೆ. ಹಿಂದಿನ ಹತ್ತು ವರ್ಷದಲ್ಲಿ ನಿಮಗೆ ಸಿಕ್ಕ ಅತಿ ಕಡಿಮೆ ರೇಟು ತಗೊಳ್ಳಿ. ನಿಮ್ಮ ಕೆಟ್ಟ ವರ್ಷದ ಚೀಲಗಳಿಂದ ಗುಣಿಸಿ. ಖರ್ಚು ಕಳೆಯಿರಿ. ಉಳಿದದ್ದರಲ್ಲಿ ಕಂತು ಕಟ್ಟಬಹುದು ಅಂದರೆ ಸಾಲ ಮಾಡಿ. ಏನೂ ಉಳಿಯದಿದ್ದರೆ, ಎರಡು ವರ್ಷದ ಕಂತನ್ನು ಈಗಿನ ಒಳ್ಳೆ ರೇಟಿನಲ್ಲೇ ಠೇವಣಿ ಇಟ್ಟು ಆಮೇಲೆ ಸಾಲದ ಅರ್ಜಿ ಹಾಕಿ. ಸಾಲ ತೀರದೇ ಹೋದರೆ ಏನಾಗುತ್ತದೆ ಅನ್ನೋದೂ ಗೊತ್ತಿರಲಿ. ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಭೂಮಿಗೆ ವಿನಾಯಿತಿ ಇದೆ. ಆದರೆ ಕಾಫಿ ತೋಟ ಅದರೊಳಗೆ ಬರುವುದಿಲ್ಲ ಅಂತ ಬ್ಯಾಂಕುಗಳು ಹರಾಜು ನೋಟಿಸು ಕೊಟ್ಟಿವೆ. ಬೆಳೆಗಾರರ ಸಂಘಟನೆಗಳು ಇದನ್ನು ವಿರೋಧಿಸುತ್ತಲೇ ಇವೆ.

ಸಾಲ ಬೇಕಾದರೆ ಅಗ್ಗದ್ದನ್ನು ಸಿಗುವಷ್ಟು ಮೊದಲು ತಗೊಳ್ಳಿ, ದುಬಾರಿಯದ್ದನ್ನು ಆಮೇಲೆ ನೋಡಿ. ಸೊಸೈಟಿಯ ಬೆಳೆ ಸಾಲದ ಬಡ್ಡಿರಹಿತ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬ್ಯಾಂಕಿನ ಕಿಸಾನ್ ಕಾರ್ಡಿನಲ್ಲಿ ನಿಗದಿತ ಮಿತಿಯವರೆಗೆ ಶೇ. 7 ಬಡ್ಡಿ, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 4. ಎರಡರಲ್ಲೂ ತಾರೀಕು ತಪ್ಪಿದರೆ ಲಾಭ ಹೋಯಿತು. ಕೊನೆಯ ದಿನಕ್ಕೆ ದುಡ್ಡು ಸಾಲದೆ, ಹೋದ ಬಾರಿಯ ಕಾಫಿಯನ್ನು ಸಿಕ್ಕ ಬೆಲೆಗೆ ಮಾರುವವರನ್ನು ಪ್ರತಿ ವರ್ಷ ನೋಡುತ್ತೇನೆ. ದೊಡ್ಡ ಸಾಲ ಮಾಡುವಾಗ ಕಂತನ್ನು ಏಪ್ರಿಲ್-ಮೇಗೆ ಹಾಕಿಸಿಕೊಳ್ಳಿ. ರೋಬಸ್ಟಾ ಕಣದಲ್ಲಿ ಒಣಗಿ ಚೀಲ ಸೇರುವುದು ಮಾರ್ಚಿಗೆ. ಡಿಸೆಂಬರ್‌ನಲ್ಲಿ ಕಂತು ಇಟ್ಟರೆ, ಕೊಯ್ಲಿನ ಕೂಲಿಗೆ ದುಡ್ಡು ಬೇಕಾದ ಹೊತ್ತಿಗೇ ಬ್ಯಾಂಕಿನವರೂ ಬಾಗಿಲಿಗೆ ಬರುತ್ತಾರೆ. ಬರೀ ಒಂದು ಅರ್ಜಿಯ ಕೆಲಸ ಇದು. ಸಹಿ ಹಾಕುವಾಗ ಯಾರೂ ಕೇಳುವುದಿಲ್ಲ.

ಖರ್ಚಿನ ಪುಸ್ತಕದಲ್ಲಿ ಎರಡು ಸಾಲು ಯಾವಾಗಲೂ ಖಾಲಿ ಇರುತ್ತವೆ. ಒಂದು, ನಿಮ್ಮದೇ ಸಂಬಳ. ಬೆಳಿಗ್ಗೆಯಿಂದ ಸಂಜೆವರೆಗೆ ತೋಟದಲ್ಲಿ ಓಡಾಡುವವರಿಗೆ ಬೇರೆಯವರ ತೋಟದ ಮ್ಯಾನೇಜರಿಗೆ ಕೊಡುವಷ್ಟಾದರೂ ಬರೆದುಕೊಳ್ಳಬೇಕು. ಮನೆಯಾಕೆ ಕಣದ ಉಸ್ತುವಾರಿ ನೋಡುತ್ತಾರೆ ಅಂದರೆ ಅವರದ್ದೂ. ಇನ್ನೊಂದು, ಹಳೆಯದಾಗುವುದರ ಖರ್ಚು. ಪಂಪು, ಕಳೆ ಕತ್ತರಿಸುವ ಯಂತ್ರ, ಕಣದ ಸಿಮೆಂಟು, ಬೋರರ್ (ಕಾಂಡಕೊರಕ) ತಿಂದ ಅರೇಬಿಕಾ ಗಿಡದ ಜಾಗಕ್ಕೆ ಹಾಕಬೇಕಾದ ಹೊಸ ಸಸಿ. ಈ ಎರಡು ಸಾಲು ತುಂಬಿದ ಮೇಲೆ ಚೀಲ 3,000ಕ್ಕೆ ಬೀಳುತ್ತಿದ್ದ ತೋಟ 3,800ಕ್ಕೆ ಹೋಗಬಹುದು. ನೋಡಿದಾಗ ಸ್ವಲ್ಪ ಬೇಜಾರಾಗುತ್ತದೆ. ಮಗಳ ಮೈಸೂರಿನ ಫೀಸು ಮಾತ್ರ ಈ ಪುಸ್ತಕಕ್ಕೆ ಬರಬಾರದು. ಅದು ಮನೆಯದ್ದು. ತೋಟದ ಖಾತೆ, ಮನೆ ಖಾತೆ ಬೇರೆ ಬೇರೆ ಇಟ್ಟರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಖರ್ಚಿಲ್ಲದೆ ಆದಾಯ ಏರಿಸುವ ಜಾಗ ಇದೆಯಾ ಅಂತ ಕೇಳುತ್ತಾರೆ. ಇದೆ, ಒಟಿಯಲ್ಲಿ. 50 ಕೆಜಿ ಚೆರಿಯ ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೀಜ ಬರುತ್ತದೋ ಅದೇ ನಿಮ್ಮ ಒಟಿ. ವ್ಯಾಪಾರಿ ನಿಮ್ಮ ಚೀಲದಿಂದ ಒಂದಿಷ್ಟು ತೆಗೆದು, ಸಣ್ಣ ಮಷಿನಿನಲ್ಲಿ ಸಿಪ್ಪೆ ಬಿಡಿಸಿ, ಬೀಜ ತೂಗಿ, ತೇವಾಂಶದ ಮೀಟರು ನೋಡಿ ಲೆಕ್ಕ ಹೇಳುತ್ತಾರೆ. ಒಟಿಯ ಒಂದೊಂದು ಕೆಜಿಯೂ ಒಂದು ಪಾಯಿಂಟು. ಪಾಯಿಂಟಿಗೆ 400 ರೂಪಾಯಿ ಇದ್ದರೆ, 26 ಒಟಿ ಚೀಲಕ್ಕೆ 10,400. 28 ಬಂದರೆ 11,200. ವ್ಯತ್ಯಾಸ 800 ರೂಪಾಯಿ. 150 ಚೀಲಕ್ಕೆ 1,20,000. ಇದು ಎಲ್ಲಿಂದ ಬರುತ್ತದೆ? ಹಸಿರು ಕಾಯಿ ಕೀಳದೆ ಹಣ್ಣನ್ನೇ ಕೊಯ್ದದ್ದರಿಂದ, ಕಾಯಿಕೊರಕಕ್ಕೆ ಜಾಗ ಕೊಡದ್ದರಿಂದ, ಉದುರು ಕಾಯಿಯನ್ನು ಒಳ್ಳೆ ಚೆರಿಗೆ ಬೆರೆಸದ್ದರಿಂದ, ಕಣದಲ್ಲಿ ಕಸ ಕಡ್ಡಿ ಉಳಿಸದ್ದರಿಂದ. ಒಂದು ಸ್ಯಾಂಪಲನ್ನು ಎರಡು ಕಡೆ ತೋರಿಸಿ ನೋಡಿ. ಅರ್ಧ ಪಾಯಿಂಟು ವ್ಯತ್ಯಾಸ ಬಂದರೂ ಆಶ್ಚರ್ಯ ಇಲ್ಲ. ಲಂಡನ್ ರೇಟನ್ನು ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಸಲ ನೋಡುವ ಮನೆಯಲ್ಲಿ ಒಟಿಯ ಪುಸ್ತಕ ಇಲ್ಲ ಅನ್ನೋದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ವಿಯೆಟ್ನಾಂ ಜೊತೆ ಪೈಪೋಟಿ ಸಾಧ್ಯವಾ? ಇಳುವರಿಯಲ್ಲಿ ಆಗುವುದಿಲ್ಲ. ಅವರು ಬಿಸಿಲಿನಲ್ಲೇ, ನೀರು-ಗೊಬ್ಬರ ಸುರಿದು ಹೆಕ್ಟೇರಿಗೆ ಎರಡೂವರೆ ಟನ್ನಿಗಿಂತ ಜಾಸ್ತಿ ತೆಗೆಯುತ್ತಾರೆ. ಭಾರತದ ರೋಬಸ್ಟಾ ಸರಾಸರಿ ಟನ್ನಿನ ಆಸುಪಾಸು. ನೆರಳು ತೆಗೆದು ಅವರ ಹಾಗೆ ಬೆಳೆಯಲು ಹೊರಟರೆ ಕಾಳುಮೆಣಸಿನ ಮರವೂ ಹೋಯಿತು, ಆಗಸ್ಟ್ ಮಳೆಗೆ ಮಣ್ಣೂ ಹೋಯಿತು. 2018ರಲ್ಲಿ ಮಣ್ಣು ಜಾರುವುದು ಅಂದರೆ ಏನು ಅಂತ ನೋಡಿದ್ದೇವಲ್ಲ. ನಮಗಿರುವ ಅನುಕೂಲ ಬೇರೆ. ನೆರಳಿನ ಚೊಕ್ಕ ರೋಬಸ್ಟಾಕ್ಕೆ, ಅದರಲ್ಲೂ ಪಾರ್ಚ್‌ಮೆಂಟಿಗೆ (ಹಸಿಯಲ್ಲೇ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ), ಲಂಡನ್ ದರದ ಮೇಲೆ ಹೆಚ್ಚುವರಿ ಕೊಡುವವರಿದ್ದಾರೆ. ಯುರೋಪ್ ನಮ್ಮ ದೊಡ್ಡ ಗಿರಾಕಿ. ಕಾಡು ಕಡಿದ ಜಾಗದ ಕಾಫಿ ಬೇಡ ಅಂತ ಅಲ್ಲಿ 2023ರಲ್ಲೇ ಕಾನೂನು ಬಂತು. ಜಾರಿ ಮುಂದಕ್ಕೆ ಹೋಗುತ್ತಿದೆ, ಅಷ್ಟೇ. ತೋಟ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತಿಸಿ ನೋಂದಾಯಿಸುವ ಕೆಲಸ ಕಾಫಿ ಮಂಡಳಿ ಮೂಲಕ ನಡೆಯುತ್ತಿದೆ. ಮಾಡಿಸಿ ಇಡಿ.

ಕಾಳುಮೆಣಸಿನ ಬಗ್ಗೆ ಒಂದು ಮಾತು. ಅದು ಚೀಲದಲ್ಲಿ ವರ್ಷಗಟ್ಟಲೆ ಕೆಡದೆ ಕೂರುತ್ತದೆ. ಕಾಫಿ ಚೆರಿ ಮಳೆಗಾಲದ ತೇವಕ್ಕೆ ಬಣ್ಣ ಕಳೆದುಕೊಳ್ಳುತ್ತದೆ. ಹಾಗಾಗಿ ಕಾಫಿ ಮಾರಿ, ಮೆಣಸನ್ನು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಸರಿ. ಆದರೆ ಮೆಣಸಿನ ರೇಟನ್ನು ನಂಬಿ ಕಂತು ಕಟ್ಟಬೇಡಿ. 2015-16ರಲ್ಲಿ ಕೆಜಿಗೆ 700ರ ಹತ್ತಿರ ಇದ್ದದ್ದು 2019-20ಕ್ಕೆ ಅರ್ಧ ಆಯಿತು. ಮಧ್ಯದಲ್ಲಿ, 2017ರ ಡಿಸೆಂಬರ್‌ನಲ್ಲಿ, ಆಮದಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ದರ ಹಾಕಿದರೂ ಇಳಿಯುವುದು ನಿಲ್ಲಲಿಲ್ಲ.

ಇನ್ನು ಆರ್‌ಟಿಸಿ. ಒಕ್ಕದ (ಕೊಡವ ಮನೆತನದ) ಜಮ್ಮಾ ಜಾಗ, ಅಂದರೆ ವಂಶದಿಂದ ಬಂದ ಜಮೀನು, ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿ, ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನಲ್ಲಿ ಇರುವ ಮನೆಗಳು ಎಷ್ಟೋ ಇವೆ. ಅಂಥವರಿಗೆ ಬಡ್ಡಿರಹಿತ ಸಾಲ ಸಿಗುವುದು ಕಷ್ಟ, ಪರಿಹಾರದ ದುಡ್ಡೂ ಸುಲಭಕ್ಕೆ ಬರುವುದಿಲ್ಲ. ಕೊನೆಗೆ ಕೈಗಡ, ಇಲ್ಲವೇ ವ್ಯಾಪಾರಿಯ ಮುಂಗಡ. ಮುಂಗಡ ತಗೊಂಡವರಿಗೆ ರೇಟು ಕೇಳುವ ಬಾಯಿ ಇರುವುದಿಲ್ಲ. ದಾಖಲೆ ಸರಿಮಾಡಿಸಲು ಸರ್ವೆ, ವಕೀಲರು, ಅಣ್ಣತಮ್ಮಂದಿರ ಸಹಿ ಅಂತ ದುಡ್ಡೂ ಬೇಕು, ತಾಳ್ಮೆಯೂ ಬೇಕು. ರೇಟು ಬಿದ್ದ ವರ್ಷ ಎರಡೂ ಇರುವುದಿಲ್ಲ. ಈಗಿನ ಲಾಭದಲ್ಲಿ ಹೊಸ ಜೀಪಿಗಿಂತ ಮೊದಲು ಈ ಫೈಲನ್ನು ತಾಲ್ಲೂಕು ಕಚೇರಿಗೆ ಕೊಡಿ. ಜೊತೆಗೆ ಹೋದ ಐದು ವರ್ಷದ ಚೀಲ, ಒಟಿ, ರೇಟು, ಖರ್ಚು ಒಂದೇ ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಬ್ಯಾಂಕಿಗೆ ಹೋಗುವಾಗ ಅದನ್ನೇ ಮುಂದಿಟ್ಟು ಕಂತು ಎಷ್ಟಿರಬೇಕು ಅಂತ ನೀವೇ ಹೇಳಿ.